ಮಾಂಸದ ಚಿಲಿಗೆ ಇನ್ನೆಷ್ಟು ಚಮಚ ಖಾರದ ಪುಡಿ ಹಾಕಬೇಕು?

ಒಂದು ಚಮಚವನ್ನೂ ಹಾಕಬೇಡಿ. ಚಿಲಿ ಎಂದರೆ ಮಾಂಸವನ್ನು ಒಣಮೆಣಸಿನಕಾಯಿಯ ಅರಪಿನಲ್ಲಿ ನಿಧಾನವಾಗಿ ಬೇಯಿಸುವ ಟೆಕ್ಸಾಸ್‌ನ ಖಾದ್ಯ. ಕಚೇರಿಯ ಚಿಲಿ ಸ್ಪರ್ಧೆಗೆ ಹತ್ತು ಹನ್ನೆರಡು ಜನರಿಗೆ ಸಾಲುವಷ್ಟು ಮಾಡಬೇಕು, ಮಾಡಿ ನೋಡಿದ್ದು ತೆಳ್ಳಗಾಯಿತು, ಸಪ್ಪೆಯೂ ಆಯಿತು, ಕೆಯೆನ್ ಎಂಬ ಖಾರದ ಪುಡಿಯನ್ನು ಹೆಚ್ಚಿಸಲೇ, ಬೀನ್ಸ್ ಕಾಳು ಸೇರಿಸಲೇ, ಮಂದ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಯಾದ ಸ್ಲೋ ಕುಕ್ಕರ್ ಕೊಳ್ಳಲೇ ಎಂದು ಕೇಳಿದ್ದೀರಿ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ತಲೆಯಲ್ಲಿ ಇದ್ದದ್ದೂ ಇವೇ ಪ್ರಶ್ನೆಗಳು, ಇದೇ ಕ್ರಮದಲ್ಲಿ.

ಅರೆದ ಬೀಫ್, ಡಬ್ಬಿ ಟೊಮೆಟೊ, ಕಣ್ಣಿಗೆ ಕೆಂಪಾಗುವವರೆಗೆ ಕೆಯೆನ್: ನನ್ನ ಮೊದಲ ಚಿಲಿ ಅಷ್ಟೇ. ಹಣೆಯಲ್ಲಿ ಬೆವರು ಬಂದರೆ ಗೆದ್ದಂತೆ ಎಂದುಕೊಂಡಿದ್ದೆ. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯೊಬ್ಬರು ಎರಡು ಚಮಚ ತಿಂದು, "ಖಾರವೇನೋ ಇದೆ, ಮೆಣಸಿನಕಾಯಿ ಎಲ್ಲಿದೆ?" ಎಂದರು. ಖಾರದ ವಿಷಯದಲ್ಲಿ ಅಮೆರಿಕದವರಿಂದ ಪಾಠ ಹೇಳಿಸಿಕೊಳ್ಳುವಷ್ಟು ವಿನಯ ಆಗ ನನಗಿರಲಿಲ್ಲ. ಆದರೆ ಅವರು ಅದೇ ಊರಿನಲ್ಲಿ ಹುಟ್ಟಿ ಬೆಳೆದವರು. ಆ ಊರಿನ ಚೌಕಗಳಲ್ಲಿ 19ನೆಯ ಶತಮಾನದ ಕೊನೆಯಿಂದ 1930ರ ದಶಕದವರೆಗೆ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆಯಾದರೆ ಮೇಜು ಹಾಕಿ, ದೀಪ ಹಚ್ಚಿ ಚಿಲಿ ಬಡಿಸುತ್ತಿದ್ದರು; ಜನ ಅವರನ್ನು ಚಿಲಿ ಕ್ವೀನ್ಸ್ ಎಂದೇ ಕರೆಯುತ್ತಿದ್ದರು, ಕೊನೆಗೆ ನಗರದ ಆರೋಗ್ಯ ನಿಯಮಗಳು ಅವರನ್ನು ಅಲ್ಲಿಂದ ಎಬ್ಬಿಸಿದವು. 1893ರ ಚಿಕಾಗೊ ವಿಶ್ವಮೇಳದಲ್ಲಿ ಸ್ಯಾನ್ ಆಂಟೋನಿಯೊದ ಚಿಲಿಗೆ ತನ್ನದೇ ಮಳಿಗೆ ಇತ್ತು. 1977ರಲ್ಲಿ ಟೆಕ್ಸಾಸ್ ಶಾಸನಸಭೆ ಚಿಲಿಯನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ಇಷ್ಟೆಲ್ಲ ಮರ್ಯಾದೆ ಸಂದಿರುವ ಅಡುಗೆಯನ್ನು ನಾನು ಕೆಂಪು ಟೊಮೆಟೊ ಗೊಜ್ಜಾಗಿಸಿ ಅವರ ಮುಂದಿಟ್ಟಿದ್ದೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ: ಈ ಖಾದ್ಯದಲ್ಲಿ ಒಣಮೆಣಸಿನಕಾಯಿ ಮಸಾಲೆಯ ಸ್ಥಾನದಲ್ಲಿಲ್ಲ, ಮಾಂಸಕ್ಕೆ ಸರಿಸಮನಾಗಿ ಕೂರುತ್ತದೆ. ರಸದ ಮೈ, ಬಣ್ಣ, ಸಣ್ಣ ಸಿಹಿ, ಸಣ್ಣ ಒಗರು ಎಲ್ಲವೂ ಅದರಿಂದಲೇ.

ಕಚೇರಿಯ ಚಳಿಗಾಲದ ಊಟಕ್ಕೆ ಚಿಲಿ ನಾನೇ ತರುತ್ತೇನೆ ಎಂದು ಹಟದಿಂದ ಹೆಸರು ಕೊಟ್ಟೆ, ಪುಡಿಯನ್ನು ಮುಟ್ಟುವುದಿಲ್ಲ ಎಂದೂ ತೀರ್ಮಾನಿಸಿದೆ. ಮೂರು ಬಗೆಯ ಕಾಯಿ ತಂದೆ. ಆಂಚೊ ಎಂದರೆ ಹಣ್ಣಾಗಿ ಒಣಗಿದ ಪೊಬ್ಲಾನೊ ಎಂಬ ಮೆಕ್ಸಿಕೊದ ಮೆಣಸಿನಕಾಯಿ. ಅಗಲ, ದಪ್ಪ, ಮೈಯೆಲ್ಲ ಸುಕ್ಕು, ಒಣದ್ರಾಕ್ಷಿಯ ವಾಸನೆ. ಗ್ವಾಹಿಯೊ ನಯವಾದ ಸಿಪ್ಪೆಯದು, ಒಳ್ಳೆಯ ಕೆಂಪು ಕೊಡುತ್ತದೆ. ಆರ್ಬೋಲ್ ಬೆರಳುದ್ದದ ಸಣಕಲು ಕಾಯಿ, ಉರಿ ಅದರ ಪಾಲಿನದು. ಖಾರವನ್ನು ಅಳೆಯುವ ಸ್ಕೋವಿಲ್ ಅಳತೆಯಲ್ಲಿ ಆಂಚೊ ಸಾಮಾನ್ಯವಾಗಿ 1,000ದಿಂದ 2,000, ಆರ್ಬೋಲ್ 15,000ದಿಂದ 30,000. ಒಳ್ಳೆಯ ಮಾಂಸಕ್ಕೂ ಧಾರಾಳವಾಗಿ ಹಣ ಸುರಿದೆ.

ಕೆಟ್ಟದ್ದು ಕಾಯಿ ಹುರಿಯುವಾಗ. ಇದನ್ನು ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಪುಡಿ ಬಿಟ್ಟು ಕಾಯಿಗೆ ಬಂದವರೆಲ್ಲ ಮೊದಲು ಎಡವುವುದು ಇಲ್ಲಿಯೇ.

ಎರಕದ ಕಬ್ಬಿಣದ ಬಾಣಲೆಯಲ್ಲಿ ಮೊದಲು ಮಾಂಸವನ್ನು ಕಂದಾಗುವಂತೆ ಹುರಿದೆ. ಅದನ್ನು ತೆಗೆದು, ಬಾಣಲೆ ಒರೆಸಿ, ಉರಿ ತಗ್ಗಿಸದೆ ಮೂರೂ ಬಗೆಯ ಕಾಯಿಯನ್ನು ಒಟ್ಟಿಗೆ ಸುರಿದೆ. ಎರಕದ ಕಬ್ಬಿಣ ಒಮ್ಮೆ ಕಾದರೆ ಬೇಗ ಆರುವುದಿಲ್ಲ. ಮಾಂಸಕ್ಕೆ ಹದವಾದ ಕಾವು ಒಣಮೆಣಸಿನಕಾಯಿಗೆ ಚಿತೆ. ಹಸಿ ತರಕಾರಿಯಾದರೆ ಒಳಗಿನ ನೀರು ಆವಿಯಾಗಿ ಮುಗಿಯುವವರೆಗೆ ಅದರ ತಾಪ 100 ಡಿಗ್ರಿ ಸೆಲ್ಸಿಯಸ್‌ನ ಹತ್ತಿರವೇ ತಡೆದು ನಿಲ್ಲುತ್ತದೆ. ಒಣಗಿದ ಕಾಯಿಯಲ್ಲಿ ನೀರು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಸಕ್ಕರೆ ಮಾತ್ರ ಬೇಕಾದಷ್ಟಿದೆ. ಪರಿಮಳ ಏಳುವುದಕ್ಕೂ ಸುಟ್ಟು ಕರಕಲಾಗುವುದಕ್ಕೂ ನಡುವೆ ಸಿಗುವುದು ಕೆಲವೇ ಕ್ಷಣ, ಮತ್ತು ಆ ಕ್ಷಣ ಒಂದೊಂದು ಕಾಯಿಗೆ ಒಂದೊಂದು ಹೊತ್ತಿಗೆ ಬರುತ್ತದೆ. ಆಂಚೊದ ಮಡಿಕೆಗಳ ಒಳಗೆ ಬಿಸಿ ತಲುಪುವಷ್ಟರಲ್ಲಿ ಆರ್ಬೋಲ್ ಇದ್ದಿಲಾಗಿತ್ತು.

ನಾನು ಕಣ್ಣನ್ನು ನಂಬಿಕೊಂಡು ನಿಂತಿದ್ದೆ. ಬಣ್ಣ ತಿರುಗಲಿ ಎಂದು ಕಾದೆ. ಆಂಚೊ ಮೊದಲೇ ಕಪ್ಪಿಗೆ ಹತ್ತಿರವಾದ ಕಾಯಿ. ಅದು ಇನ್ನೆಲ್ಲಿಗೆ ತಿರುಗಬೇಕು? ಕೇಳಬೇಕಾದದ್ದು ಮೂಗನ್ನು. ಘಾಟು ಎದ್ದು ಕೆಮ್ಮು ಹತ್ತಿತು, ಹೊಗೆಯ ಅಲಾರಂ ಬಡಿದುಕೊಂಡಿತು, ಕಿಟಕಿ ತೆರೆದು ನಿಂತು ಈ ಸಲ ಖಾರ ಜೋರಾಗಿದೆ ಎಂದು ಹಿಗ್ಗಿದೆ ಕೂಡ. ಬಾಣಲೆಯಿಂದ ಘಾಟು ಎದ್ದಿದೆ ಎಂದರೆ ಕಾಯಿ ಸುಡುತ್ತಿದೆ ಎಂದು ಅರ್ಥ, ಗುಣಮಟ್ಟದ ಪ್ರಮಾಣಪತ್ರ ಅಲ್ಲ.

ಅಲ್ಲಿಗೆ ನಿಲ್ಲಿಸಿದ್ದರೂ ಕಾಯಿಗಳಷ್ಟೇ ನಷ್ಟವಾಗುತ್ತಿದ್ದವು. ಅವನ್ನು ಬಿಸಿನೀರಿನಲ್ಲಿ ನೆನೆಸಿದೆ, ಸುಟ್ಟ ಕಹಿಯೆಲ್ಲ ನೀರಿಗಿಳಿಯಿತು. ಸತ್ವ ಹಾಳಾಗಬಾರದು ಎಂಬ ಜಾಣತನದಿಂದ ಆ ನೀರಿನ ಸಮೇತ ಅರೆದೆ. ಅರೆದದ್ದನ್ನು ನಾಲಿಗೆಯ ತುದಿಗೂ ತಾಗಿಸದೆ ಇಡೀ ಪಾತ್ರೆಗೆ ಸುರಿದೆ. ನನ್ನ ಪ್ರಕಾರ ದುಬಾರಿಯಾದದ್ದು ಈ ಕೊನೆಯದು. ಕಾಯಿ ಸುಡುವುದು ಯಾರಿಗಾದರೂ ಆಗುತ್ತದೆ, ಹತ್ತು ನಿಮಿಷದಲ್ಲಿ ಬೇರೆ ಹುರಿಯಬಹುದು. ಸುಟ್ಟ ಅರಪನ್ನು ರುಚಿ ನೋಡದೆ ಮಾಂಸಕ್ಕೆ ಬೆರೆಸಿದ ಮೇಲೆ ಹಿಂದಕ್ಕೆ ದಾರಿಯಿಲ್ಲ.

ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿದರೆ ಎಲ್ಲವೂ ಹೊಂದಿಕೊಳ್ಳುತ್ತದೆ ಎಂದು ನಂಬಿದ್ದೆ. ಕುದಿದಾಗ ಹೋಗುವುದು ನೀರು. ಸುಟ್ಟ ಕಹಿ ಅಲ್ಲಿಯೇ ಉಳಿದು, ರಸ ಇಂಗಿದಷ್ಟೂ ಗಾಢವಾಗುತ್ತದೆ. ಸಕ್ಕರೆ ಹಾಕಿದೆ, ಕಹಿಯ ಜೊತೆಗೆ ಸಿಹಿಯೂ ಆಯಿತು. ಟೊಮೆಟೊ ಹಾಕಿದೆ, ಹುಳಿಯೂ ಆಯಿತು. ಚಿಲಿಗೆ ಚಾಕೊಲೇಟ್ ಹಾಕುವವರಿದ್ದಾರೆ ಎಂದು ಎಲ್ಲೋ ಓದಿದ್ದನ್ನು ನೆನೆದು ಕಪ್ಪು ಚಾಕೊಲೇಟ್ ಹಾಕಿದೆ. ಕಹಿಯನ್ನು ಇಳಿಸಲು ಇನ್ನೊಂದು ಕಹಿ! ಮಾಂಸ ಮಾತ್ರ ಬೆಣ್ಣೆಯಂತೆ ಬೆಂದಿತ್ತು, ಅದು ಇನ್ನೂ ಹೊಟ್ಟೆ ಉರಿಸುತ್ತದೆ. ಊಟದ ದಿನ ಜನ ಸಭ್ಯತೆಯಿಂದ ಒಂದು ಚಮಚ ತಿಂದು, ಬಟ್ಟಲನ್ನು ಕಾಗದದ ಕರವಸ್ತ್ರದ ಕೆಳಗೆ ಸರಿಸಿದರು. ಪಾತ್ರೆ ತುಂಬಿದಂತೆಯೇ ಮನೆಗೆ ಬಂತು, ಅಲ್ಲಿಂದ ಕಸಕ್ಕೆ. ಆ ಹಿರಿಯರು ಮಾತ್ರ, "ಈ ಸಲ ಮೆಣಸಿನಕಾಯಿ ಇದೆ" ಎಂದರು.

ಈಗ ನಾನು ಮಾಡುವುದು ಹೀಗೆ, ಒಂದೂವರೆ ಕಿಲೊ ಮಾಂಸಕ್ಕೆ. ಆರು ಆಂಚೊ, ಆರು ಗ್ವಾಹಿಯೊ, ಮೂರು ಆರ್ಬೋಲ್. ತೊಟ್ಟು ಮುರಿದು, ಬೀಜ ಉದುರಿಸಿ, ಕಾಯಿಯನ್ನು ಸೀಳಿ ಹಾಳೆಯಂತೆ ಬಿಡಿಸುತ್ತೇನೆ. ಮಡಿಕೆಯಿದ್ದರೆ ಬಿಸಿ ಸಮನಾಗಿ ತಾಗುವುದಿಲ್ಲ. ತಣ್ಣನೆಯ ಬಾಣಲೆಯಿಂದ ಆರಂಭಿಸಿ, ನಡುವಿನ ಉರಿಯಲ್ಲಿ, ಒಂದು ಸಲಕ್ಕೆ ಒಂದೇ ಬಗೆ. ಬಾಣಲೆ ಕಾದ ಮೇಲೆ ಒಂದೊಂದು ಬದಿಗೆ ಹದಿನೈದು ಇಪ್ಪತ್ತು ಸೆಕೆಂಡು ಸಾಕು. ಆರ್ಬೋಲ್ ಕೊನೆಯಲ್ಲಿ, ಒಲೆ ಆರಿಸಿದ ಮೇಲೆ, ಉಳಿದ ಕಾವಿನಲ್ಲಿ. ಮಾಂಸ ಹುರಿಯುವುದು ಇದೆಲ್ಲ ಮುಗಿದ ನಂತರ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಆ ನೀರನ್ನು ಚಮಚದಲ್ಲಿ ರುಚಿ ನೋಡುತ್ತೇನೆ. ಕಹಿಯಿದ್ದರೆ ಚೆಲ್ಲಿ, ಬೇರೆ ನೀರಿನಲ್ಲಿ ಅರೆಯುತ್ತೇನೆ. ಸೋಸಿದ ಅರಪನ್ನು ಮಾಂಸ ಬಿಟ್ಟ ಕೊಬ್ಬಿನಲ್ಲಿ ನಾಲ್ಕೈದು ನಿಮಿಷ ಬಾಡಿಸಿದರೆ ಹಸಿ ವಾಸನೆ ಹೋಗುತ್ತದೆ. ಕಾಯಿ ಹುರಿಯುವುದೇ ಬೇಡ, ನೇರವಾಗಿ ನೆನೆಸಿ ಅರೆಯುತ್ತೇನೆ ಎಂದರೂ ನನ್ನ ತಕರಾರಿಲ್ಲ. ಹುರಿಯದ ಕಾಯಿಯ ಚಿಲಿ ಸುಟ್ಟ ಕಾಯಿಯ ಚಿಲಿಗಿಂತ ನೂರು ಪಾಲು ಮೇಲು.

ಕಾಯಿ ಸಿಗದೆ ಪುಡಿಯೇ ಗತಿ ಎನ್ನುವುದಾದರೆ ಒಂದು ವಿಷಯ. ಅಮೆರಿಕದ ಪಾಕವಿಧಾನಗಳಲ್ಲಿ ಬರುವ ಚಿಲಿ ಪೌಡರ್ ಸಾಮಾನ್ಯವಾಗಿ ಮಿಶ್ರಣ: ಸೌಮ್ಯವಾದ ಒಣಮೆಣಸಿನಕಾಯಿಯ ಜೊತೆಗೆ ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ. 1890ರ ದಶಕದಲ್ಲಿ ಟೆಕ್ಸಾಸ್‌ನ ನ್ಯೂ ಬ್ರಾನ್‌ಫೆಲ್ಸ್‌ನಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಇಂಥ ಪುಡಿಯನ್ನು ವ್ಯಾಪಾರಕ್ಕೆ ತಂದ. ಹಾಗಾಗಿ ಅಂಥ ಪಾಕವಿಧಾನದ ನಾಲ್ಕು ಚಮಚಕ್ಕೆ ಬದಲಾಗಿ ನಾಲ್ಕು ಚಮಚ ಕೆಯೆನ್ ಸುರಿದರೆ ಉರಿ ಬರುತ್ತದೆ, ಚಿಲಿ ಬರುವುದಿಲ್ಲ. ನಿಮ್ಮ ಚಿಲಿ ಸಪ್ಪೆಯಾದದ್ದಕ್ಕೆ ಇದೇ ಕಾರಣವಿರಬೇಕು ಎಂದು ನನ್ನ ಅನುಮಾನ. ಮೇಲೆ ತೇಲುವ ಕೊಬ್ಬನ್ನು ಪೂರ್ತಿ ತೆಗೆದಿದ್ದರೆ ಅದೂ ಸೇರಿಕೊಂಡಿದೆ. ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಕೊಬ್ಬು ಬಸಿದರೆ ಖಾರವನ್ನೂ ಬಸಿದಂತೆ.

ಮಾಂಸಕ್ಕೆ ಕೊಬ್ಬಿಲ್ಲದ ದುಬಾರಿ ತುಂಡು ಬೇಡ. ಭುಜದ ಭಾಗ, ಅಮೆರಿಕದಲ್ಲಿ ಚಕ್ ಎನ್ನುತ್ತಾರೆ, ಅದನ್ನೇ ಕೊಳ್ಳಿ; ಅರೆಸದೆ, ಎರಡು ಸೆಂಟಿಮೀಟರ್‌ನಷ್ಟು ತುಂಡು ಮಾಡಿ. ಅದರಲ್ಲಿರುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ 70 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಅಂಟಂಟಾದ ಜೆಲಟಿನ್ ಆಗುತ್ತದೆ, ರಸ ತುಟಿಗೆ ಅಂಟುವಂತಾಗುವುದು ಅದರಿಂದ. ತುಂಡುಗಳನ್ನು ಒರೆಸಿ ಒಣಗಿಸಿ, ಬಾಣಲೆಯಲ್ಲಿ ಜಾಗ ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಹುರಿಯಿರಿ. ಆಮೇಲೆ ಹೆಚ್ಚಿದ ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಜೀರಿಗೆ ಪುಡಿ, ಎರಡು ಸಣ್ಣ ಚಮಚ ಓರೆಗಾನೊ, ಅರಪು. ನೀರು ಮಾಂಸ ಮುಳುಗಿಯೂ ಮುಳುಗದಷ್ಟು, ಹೆಚ್ಚಲ್ಲ. ಮುಚ್ಚಳ ಓರೆಯಾಗಿಟ್ಟು ಎರಡೂವರೆ ಮೂರು ಗಂಟೆ, ಮೇಲೆ ಒಂದೊಂದೇ ಗುಳ್ಳೆ ಏಳುವಷ್ಟು ಉರಿ. ಕೊತಕೊತ ಕುದಿಸಿದರೆ ಮಾಂಸ ನಾರಾಗುತ್ತದೆ. ಪ್ರೆಷರ್ ಕುಕ್ಕರ್ ಬಳಸಬಹುದು, ರಸ ಇಂಗುವುದಿಲ್ಲವಾದ್ದರಿಂದ ನೀರನ್ನು ಅರ್ಧ ಮಾಡಿ.

ತೆಳ್ಳಗಾಗಿದ್ದಕ್ಕೆ ಟೊಮೆಟೊ ಡಬ್ಬಿಗಳನ್ನು ದೂರಿ. ನಾನು ಟೊಮೆಟೊ ಹಾಕುವುದನ್ನೇ ಬಿಟ್ಟಿದ್ದೇನೆ. ಗಟ್ಟಿ ಸಾಲದಿದ್ದರೆ ಮಾಸಾ ಹರೀನಾ, ಅಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು, ಎರಡು ದೊಡ್ಡ ಚಮಚ ತಣ್ಣೀರಿನಲ್ಲಿ ಕದಡಿ ಕೊನೆಯ ಇಪ್ಪತ್ತು ನಿಮಿಷದಲ್ಲಿ ಸೇರಿಸಿ. ಕಾರ್ನ್‌ಫ್ಲೋರ್ ಹಾಕಿದರೆ ರಸಕ್ಕೆ ಅಂಟಿನ ಹೊಳಪು ಬರುತ್ತದೆ, ನನಗೆ ಆಗುವುದಿಲ್ಲ.

ಬೀನ್ಸ್ ಬಗ್ಗೆ ಟೆಕ್ಸಾಸ್‌ನಲ್ಲಿ ಜಗಳವೇ ಇದೆ. ಚಿಲಿ ಅಪ್ರಿಸಿಯೇಷನ್ ಸೊಸೈಟಿ ಇಂಟರ್‌ನ್ಯಾಷನಲ್ ನಡೆಸುವ ಸ್ಪರ್ಧೆಗಳಲ್ಲಿ ಬೀನ್ಸ್, ಅನ್ನ, ಪಾಸ್ತಾ ಯಾವುದನ್ನೂ ಬೆರೆಸುವಂತಿಲ್ಲ. ನಿಮ್ಮ ಕಚೇರಿಯವರು ಅಷ್ಟು ಕಟ್ಟುನಿಟ್ಟಿನವರೇ ಎಂದು ಕೇಳಿಕೊಳ್ಳಿ. ಬೆರೆಸುವುದೇ ಆದರೆ ಒಣ ಕಿಡ್ನಿ ಬೀನ್ಸನ್ನು, ಅಂದರೆ ರಾಜ್ಮಾ ಕಾಳನ್ನು, ಎಂದಿಗೂ ನೇರವಾಗಿ ಸ್ಲೋ ಕುಕ್ಕರಿಗೆ ಹಾಕಬೇಡಿ. ಅದರಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷವಸ್ತುವಿದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಸ್ಲೋ ಕುಕ್ಕರಿನ ಮಂದ ಬಿಸಿಗೆ ಆಗದೆ, ಕೆಲವೇ ಕಾಳು ತಿಂದವರೂ ವಾಂತಿ ಮಾಡಿಕೊಳ್ಳಬಹುದು. ಡಬ್ಬಿಯ ಬೀನ್ಸ್ ಬೆಂದೇ ಬಂದಿರುತ್ತದೆ, ಭಯವಿಲ್ಲ.

ಸ್ಲೋ ಕುಕ್ಕರ್ ಅದಕ್ಕೆಂದೇ ಕೊಳ್ಳಬೇಡಿ, ಯಾರದಾದರೂ ಎರವಲು ತನ್ನಿ. ಹಿಂದಿನ ದಿನವೇ ಚಿಲಿ ಮಾಡಿ, ಅಗಲವಾದ ಪಾತ್ರೆಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ದೊಡ್ಡ ಪಾತ್ರೆಯಲ್ಲಿಯೇ ಆರಲು ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೆ ಉಳಿದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮರುದಿನ ಒಲೆಯ ಮೇಲೆ ಪೂರ್ತಿ ಕುದಿ ಬರಿಸಿ, ಆಮೇಲೆ ಸ್ಲೋ ಕುಕ್ಕರಿನಲ್ಲಿ 60 ಡಿಗ್ರಿಗಿಂತ ಕೆಳಗಿಳಿಯದಂತೆ ಇಟ್ಟುಕೊಳ್ಳಿ. ಆರ್ಬೋಲ್ ಅರಪನ್ನು ಒಂದು ಸಣ್ಣ ಬಟ್ಟಲಿನಲ್ಲಿ ಬೇರೆಯಾಗಿ ಒಯ್ಯಿರಿ, ಹೆಚ್ಚು ಉರಿ ಬೇಕೆನ್ನುವವರು ತಾವೇ ಬೆರೆಸಿಕೊಳ್ಳಲಿ.