20 ಸಾವಿರ ರೂಪಾಯಿಯಲ್ಲಿ ಮನೆಯಿಂದಲೇ ಜೋಳದ ರೊಟ್ಟಿ, ಚಟ್ನಿಪುಡಿ ವ್ಯಾಪಾರ ಶುರು ಮಾಡಬಹುದಾ?

ಖಂಡಿತ ಮಾಡಬಹುದು. ಆದರೆ ಅಷ್ಟೂ ದುಡ್ಡನ್ನು ಮೊದಲ ದಿನವೇ ಸುರಿಯಬೇಡಿ. ರೊಟ್ಟಿ ಮಷಿನ್, ಬೋರ್ಡು, ಬಣ್ಣದ ಕವರು ಎಲ್ಲ ಆಮೇಲೆ. ಮನೆಯ ಹಂಚು, ಒಲೆ ಸಾಕು. ಐದಾರು ಕಿಲೋ ಹಿಟ್ಟಿನಿಂದ ಶುರು ಮಾಡಿ.

ನನ್ನ ಪ್ರಕಾರ ಮೊದಲು ಖಡಕ್ ರೊಟ್ಟಿಯೇ ಒಳ್ಳೆಯದು. ಅವತ್ತೇ ಮಾರಾಟವಾಗದಿದ್ದರೂ ಕೆಡುವುದಿಲ್ಲ. ಬಿಸಿ ಇರುವಾಗ ಮಾತ್ರ ಕವರಿಗೆ ಹಾಕಬೇಡಿ, ಒಳಗೆ ಬೆವರು ಕೂತು ಬೂಷ್ಟು ಹಿಡಿಯುತ್ತದೆ. ಮುರಿದರೆ ಹಪ್ಪಳದ ಹಾಗೆ ಟಕ್ ಅನ್ನಬೇಕು, ಅಷ್ಟು ಆರಿರಬೇಕು. ಶೇಂಗಾ ಚಟ್ನಿಗೂ ಅಷ್ಟೇ, ಹುರಿದ ಶೇಂಗಾ ಪೂರ್ತಿ ಆರಿದ ಮೇಲೆ ಕುಟ್ಟಿ. ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಜಾಸ್ತಿ ಜನ ಸೋಲುವುದು ರೇಟು ಹಾಕುವುದರಲ್ಲಿ. ಹಿಟ್ಟಿನ ದುಡ್ಡನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಗ್ಯಾಸು, ಕವರು, ಆಟೋ, ಮುರಿದುಹೋದ ರೊಟ್ಟಿ, ಅಂಗಡಿಯವರ ಕಮಿಷನ್ ಎಲ್ಲ ಸೇರಿಸಿ. ಒಲೆ ಮುಂದೆ ಕೂತ ನಿಮ್ಮ ಕೂಲಿಯೂ ಖರ್ಚೇ ಅಲ್ವಾ? ಅದನ್ನು ಬಿಡಲೇಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡಿ. ಶುರುವಿನಲ್ಲಿ ಉದ್ರಿ ಬೇಡ.

ತಿನ್ನುವ ಪದಾರ್ಥ ಮಾರಲು ಎಫ್‌ಎಸ್‌ಎಸ್‌ಎಐ (ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕೇ ಬೇಕು. ಸಣ್ಣ ವ್ಯಾಪಾರಕ್ಕೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಪೂರ್ತಿ ಉಚಿತ, ಅದಕ್ಕೆ ದುಡ್ಡು ಕೇಳುವ ಸೈಟುಗಳ ಹತ್ತಿರ ಹೋಗಬೇಡಿ. ಸಣ್ಣ ವ್ಯಾಪಾರಕ್ಕೆ ಸಾಲ ಕೊಡಿಸುವ ಕೇಂದ್ರದ ಮುದ್ರಾ ಯೋಜನೆಯಲ್ಲಿ ‘ಶಿಶು’ ಅನ್ನುವ ಮೊದಲ ಹಂತದ ಸಾಲ ಅಡಮಾನ ಇಲ್ಲದೆ 50,000 ರೂಪಾಯಿವರೆಗೆ ಸಿಗುತ್ತದೆ. ಆದರೆ ಒಮ್ಮೆ ಕೊಂಡ ಗಿರಾಕಿ ಎರಡನೇ ಸಲ, ಮೂರನೇ ಸಲ ಬರುವುದನ್ನು ಕಣ್ಣಾರೆ ನೋಡಿದ ಮೇಲೆ ಸಾಲದ ಅರ್ಜಿ ಹಾಕಿ.