ಮಾತು ಕಡಿಮೆ ಇದ್ದರೆ ನರ್ಸ್ ಆಗಬಾರದಾ?

ಉತ್ತರಿಸುವವರು: ಕಾರವಾರದ ನಿವೃತ್ತ ವಾರ್ಡ್ ಸಿಸ್ಟರ್

ಪ್ರಶ್ನೆ: ಅಂಕೋಲಾ ಕಡೆಯವಳು, ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮೊದಲ ವರ್ಷ. ನನಗೆ ಮಾತು ಕಡಿಮೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ನರ್ಸ್‌ಗೆ ಕಮ್ಯುನಿಕೇಶನ್ ಮುಖ್ಯ ಅಂತಾರೆ. ಹುಬ್ಬಳ್ಳಿಯಲ್ಲಿ ಹತ್ತು ದಿನದ ಕೋರ್ಸ್ ಇದೆಯಂತೆ, ಸೇರಲಾ ಮೇಡಂ?

ಬೇಡ. ಈ ತಿಂಗಳು ಇದೇ ಪ್ರಶ್ನೆ ಐದನೇ ಸಲ ಬಂದಿದೆ. ಕನ್ನಡಿ ಮುಂದೆ ನಗುವುದು, ಕೈ ಕುಲುಕುವುದು ಕಲಿಸಿ ದುಡ್ಡು ಕೀಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರಲ್ಲಿ ಒಬ್ಬರಾದರೂ ವಾರ್ಡಿನಲ್ಲಿ ಒಂದು ರಾತ್ರಿ ಕಳೆದಿದ್ದಾರಾ?

ನಮ್ಮ ಕೆಲಸದಲ್ಲಿ ಬಾಯಿಗಿಂತ ಕಿವಿಗೆ, ಕಣ್ಣಿಗೆ ದುಡಿಮೆ ಜಾಸ್ತಿ. ಒಮ್ಮೆ ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವವರು, ಬಂದರು. "ಏನಿಲ್ಲ ಸಿಸ್ಟರ್, ಗ್ಯಾಸು" ಅಂದರು. ನಮ್ಮ ಮಾತುಗಾರ್ತಿ ಸ್ಟಾಫ್ ಒಬ್ಬಳು "ಏನೂ ಆಗಲ್ಲ ಅಣ್ಣಾ" ಅಂತ ನಗುತ್ತಾ ಮುಂದೆ ಹೋದಳು. ಏನೂ ಆಗಲ್ಲ ಅಂದುಬಿಟ್ಟರೆ ರೋಗಿ ಮತ್ತೆ ಬಾಯಿ ಬಿಡುವುದಿಲ್ಲ. ನಿಮ್ಮ ಹಾಗೇ ಮಾತಾಡದ ಸ್ಟೂಡೆಂಟ್ ಒಬ್ಬಳು ಬಿಪಿ ಪಟ್ಟಿ ಕಟ್ಟಲು ಹೋದಳು. ಅಂಗಿ ತೋಳು ಒದ್ದೆ. ಹೊರಗೆ ಮಳೆ ಇರಲಿಲ್ಲ. ಕೊಂಕಣಿಯಲ್ಲಿ "ಖಂಯ್ ದುಖ್ತಾ?" (ಎಲ್ಲಿ ನೋವು?) ಅಂತ ಕೇಳಿ ಸುಮ್ನೆ ನಿಂತಳು. ಆತ ಮಾತಾಡಲಿಲ್ಲ. ಬಾಗಿಲಲ್ಲಿದ್ದ ಹೆಂಡತಿ ತನ್ನ ದವಡೆ ಮುಟ್ಟಿ ತೋರಿಸಿದರು.

ಹುಡುಗಿ ನನ್ನ ಹತ್ತಿರ ಓಡಿ ಬಂದು ಹೇಳಿದ್ದು ನಾಲ್ಕೇ ಮಾತು. "ತಾಂಡೇಲರಿಗೆ ದವಡೆ ನೋವು, ಬೆವರು, ಬಿಪಿ 90/60. ಮೊದಲಿಂದ ಶುಗರ್ ಇದೆ. ಗ್ಯಾಸ್ ಅಲ್ಲ, ಹಾರ್ಟ್ ಅನಿಸುತ್ತೆ. ಈಗಲೇ ಇಸಿಜಿ ಬೇಕು." ಹಾರ್ಟ್ ಅಟ್ಯಾಕೇ ಆಗಿತ್ತು.

ಏನಾಗಿದೆ, ಹಿನ್ನೆಲೆ ಏನು, ನಿಮಗೇನು ಅನಿಸುತ್ತದೆ, ಏನು ಬೇಕು. ಪುಸ್ತಕದಲ್ಲಿ ಇದಕ್ಕೆ ಎಸ್‌ಬಾರ್ ಅಂತಾರೆ. ಇದು ಬಂದದ್ದು ಅಮೆರಿಕ ನೌಕಾಪಡೆಯ ಸಬ್‌ಮರೀನ್‌ಗಳಿಂದ. ಸೀಬರ್ಡ್ ನೌಕಾನೆಲೆಯನ್ನು ಪಕ್ಕದಲ್ಲೇ ಇಟ್ಟುಕೊಂಡಿರುವ ನಮಗೆ ಕಲಿಯಲು ಕಷ್ಟವಾಗಬಾರದು. ದಿನಾ ಡ್ಯೂಟಿ ಬದಲಾಗುವಾಗ ಹೀಗೇ ಹೇಳಿ ರೂಢಿ ಮಾಡಿ.

ನಾನು ಎಡವಿದ್ದೂ ಕೇಳಿ. ಆಷಾಢದ ರಾತ್ರಿ, ತಗಡಿನ ಶೀಟಿನ ಮೇಲೆ ಮಳೆ. ಡಾಕ್ಟರ್ ಫೋನಿನಲ್ಲಿ ಇನ್ಸುಲಿನ್ "ಫಿಫ್ಟೀನ್" ಅಂದದ್ದು ನನಗೆ "ಫಿಫ್ಟಿ" ಅಂತ ಕೇಳಿತು. ಸಿರಿಂಜಿಗೆ ಎಳೆದಾಗ, ಇಷ್ಟೊಂದಾ ಅನಿಸಿತು. ಮತ್ತೆ ಫೋನ್ ಮಾಡಿದೆ, ಬಚಾವಾದೆ. ಆಮೇಲೆ ನಿವೃತ್ತಿಯವರೆಗೂ "ಒನ್ ಫೈವ್, ಫಿಫ್ಟೀನ್ ಯೂನಿಟ್" ಅಂತ ಬರೆದುಕೊಂಡು, ತಿರುಗಿ ಓದಿ ಹೇಳುತ್ತಿದ್ದೆ. ಡಾಕ್ಟರ್ ಹೌದು ಅನ್ನುವವರೆಗೆ ಸೂಜಿ ಮುಟ್ಟುತ್ತಿರಲಿಲ್ಲ. ಕೆಲವರಿಗೆ ಸಿಟ್ಟು ಬರುತ್ತಿತ್ತು. ಬರಲಿ. ಬರೆಯುವಾಗಲೂ ಯೂನಿಟ್ ಅಂತ ಪೂರ್ತಿ ಬರೆಯಿರಿ. ಬರೀ ಇಂಗ್ಲಿಷಿನ ಯು ಹಾಕಿದರೆ ಸೊನ್ನೆಯ ಹಾಗೆ ಕಂಡು ಹತ್ತು ನೂರಾಗುತ್ತದೆ.

ಇಂಗ್ಲಿಷ್ ಚಾರ್ಟಿಗೆ ಬೇಕಾದಷ್ಟು ಸಾಕು, ಬರೆದು ಬರೆದೇ ಬರುತ್ತದೆ. ಹಾಲಕ್ಕಿಯವರ ಕನ್ನಡ, ಭಟ್ಕಳದ ನವಾಯತಿ ಕಿವಿಗೆ ಬಿದ್ದಾಗ ಅರ್ಥವಾಗುತ್ತಾ? ಮೊದಲು ಅದನ್ನು ನೋಡಿಕೊಳ್ಳಿ.

ಪ್ರಶ್ನೆ: ನಾಟಿ ಔಷಧ ಮಾಡಿಕೊಂಡು ಬರುವ ರೋಗಿಗಳಿಗೆ ಗಟ್ಟಿಯಾಗಿ ಹೇಳಬೇಕಲ್ವಾ? (ಹೊನ್ನಾವರ)

ಬೈದರೆ ಮುಚ್ಚಿಡುತ್ತಾರೆ. ಏನು ಕುಡಿದರು, ಎಷ್ಟು ದಿನ, ಕೇಳಿ ಬರೆದುಕೊಳ್ಳಿ. ಶುಗರ್ ಮಾತ್ರೆ ಬಿಡಿಸಿ ಕಷಾಯ ಕೊಡುವ ಮಹಾನುಭಾವ ಸಿಕ್ಕರೆ ಬೈಯಿರಿ, ನನ್ನ ಪಾಲಿನದೂ ಸೇರಿಸಿ.

ಪ್ರಶ್ನೆ: ರಕ್ತ ನೋಡಿದರೆ ತಲೆ ಸುತ್ತುತ್ತದೆ, ನರ್ಸಿಂಗ್ ಆಗುತ್ತಾ? (ಕುಮಟಾ)

ಬೀಳುವ ಮೊದಲು ಕೂತುಕೊಳ್ಳಿ. ಹೆಚ್ಚಿನವರಿಗೆ ರೂಢಿಯಾಗುತ್ತದೆ.

ಪ್ರಶ್ನೆ: ಮಗನನ್ನು ಬಿಎಸ್ಸಿ ನರ್ಸಿಂಗ್‌ಗೆ ಸೇರಿಸಿದರೆ ಮುಂದೆ ಹೆಣ್ಣು ಸಿಗುತ್ತಾ? (ಶಿರಸಿ)

ನಿಮ್ಮ ಕಡೆ ಅಡಿಕೆ ತೋಟ ಇದ್ದವರಿಗೇ ಸಿಗುತ್ತಿಲ್ಲ, ನರ್ಸಿಂಗ್ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ? ಹುಡುಗನಿಗೆ ಇಷ್ಟ ಇದೆಯಾ ಅಂತ ಕೇಳಿ ಸೇರಿಸಿ.