ಜಲಾಶಯ ತುಂಬಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ಸಾಲ್ಮನ್‌ಗೆ ಗಾಳ ಹಾಕಲು ಏಕೆ ಬಿಡಲಿಲ್ಲ?

ಈ ವರ್ಷದ ಮಳೆಯಿಂದ ಈ ವರ್ಷದ ಮೀನು ಹೆಚ್ಚುವುದಿಲ್ಲ, ಅದಕ್ಕೆ. ಚಿನೂಕ್ ಸಾಲ್ಮನ್ ನದಿಯಲ್ಲಿ ಹುಟ್ಟಿ, ಸಮುದ್ರ ಸೇರಿ, ಹೆಚ್ಚಾಗಿ ಮೂರನೇ ವರ್ಷಕ್ಕೆ ಮೊಟ್ಟೆಯಿಡಲು ಮರಳುತ್ತದೆ. 2020–22ರ ಬರದಲ್ಲಿ, ಅವು ಮೊಟ್ಟೆಯಿಡುವ ಸ್ಯಾಕ್ರಮೆಂಟೊ ನದಿಯ ನೀರು ಕಾವೇರಿತು. ಸುಮಾರು 13 ಡಿಗ್ರಿ ಸೆಲ್ಸಿಯಸ್ ದಾಟಿದರೆ ನದಿತಳದ ಕಲ್ಲುಗಳ ಸಂದಿಯಲ್ಲಿರುವ ಮೊಟ್ಟೆಗಳು ಸಾಯತೊಡಗುತ್ತವೆ. ಉಳಿದ ಮರಿಗಳನ್ನು ಸಮುದ್ರಕ್ಕೆ ಒಯ್ಯುವಷ್ಟು ಹರಿವೂ ಇರಲಿಲ್ಲ. ಅದರ ಪೆಟ್ಟು ಬಿದ್ದದ್ದು ತಡವಾಗಿ: 2023, 2024ರಲ್ಲಿ ಸಮುದ್ರದಲ್ಲಿ ಸಾಲ್ಮನ್ ಹಿಡಿಯುವ ಸೀಸನ್ ಪೂರ್ತಿ ಬಂದ್. ಕನಿಷ್ಠ 1,22,000 ಮೀನಾದರೂ ಮೊಟ್ಟೆಯಿಡಲು ಈ ನದಿಗೆ ಮರಳಬೇಕೆಂಬುದು ನಿಯಂತ್ರಕರ ಗುರಿ; ಅದಕ್ಕೇ ಈ ನಿರ್ಬಂಧ. 2025ರಲ್ಲಿ ಹವ್ಯಾಸಿಗಳಿಗೆ ಸಿಕ್ಕಿದ್ದು ಬೆರಳೆಣಿಕೆಯ ದಿನಗಳು.

ಗಾಳ ಹಾಕುವವರ ಸಿಟ್ಟು ಸಹಜವೇ. ಆದರೆ ‘ಹಿಡಿದು ಬಿಟ್ಟುಬಿಡುತ್ತೇವೆ’ ಎಂಬ ಅವರ ವಾದ ನಿಲ್ಲದು: ಗಾಳದ ಕೊಕ್ಕೆ ಕಿವಿರಿಗೆ ಚುಚ್ಚಿದರೆ ಬಿಟ್ಟ ಮೀನೂ ಬಹುಪಾಲು ಬದುಕುವುದಿಲ್ಲ.